ಹೆಲ್ತ್ ಅಸೆಸ್‌ಮೆಂಟ್ ಕ್ಲಾಸ್‌ಗೆ ಮುಂಚೆಯೇ ತಯಾರಾಗುವುದು ಹೇಗೆ?

ಬಿಎಸ್‌ಸಿ ನರ್ಸಿಂಗ್‌ನ ಎರಡನೇ ಸೆಮಿಸ್ಟರ್‌ನಲ್ಲಿ ನರ್ಸಿಂಗ್ ಫೌಂಡೇಶನ್ ಜೊತೆಗೇ ಹೆಲ್ತ್ ಅಸೆಸ್‌ಮೆಂಟ್ ಬರುತ್ತದೆ. ಇಂಡಿಯನ್ ನರ್ಸಿಂಗ್ ಕೌನ್ಸಿಲ್ 2021ರಲ್ಲಿ ತಂದ ಸೆಮಿಸ್ಟರ್ ಸಿಲಬಸ್‌ನಲ್ಲಿ ಅದರ ಜಾಗ ಅದೇ. ರೋಗಿಯನ್ನು ತಲೆಯಿಂದ ಕಾಲ್ಬೆರಳವರೆಗೆ ನೋಡಬೇಕು, ಮುಟ್ಟಬೇಕು, ತಟ್ಟಬೇಕು, ಸ್ಟೆತ್ (ಸ್ಟೆತಾಸ್ಕೋಪ್) ಇಟ್ಟು ಕೇಳಬೇಕು. ಆಮೇಲೆ ಸಿಕ್ಕಿದ್ದನ್ನೆಲ್ಲ ಬರೆಯಬೇಕು. ಪಲ್ಸ್, ಟೆಂಪರೇಚರ್ ನೋಡಲು ಆಗಲೇ ಕಲಿತವರಿಗೂ ಇದು ಭಾರ ಅನಿಸುತ್ತದೆ. ಅನಾಟಮಿ, ಫಿಸಿಯಾಲಜಿ, ಉದ್ದುದ್ದ ಇಂಗ್ಲಿಷ್ ಪದಗಳು, ರೋಗಿಯ ಜೊತೆ ಮಾತು, ಕೈಯ ಹದ, ಎಲ್ಲವೂ ಒಂದೇ ಹೊತ್ತಿಗೆ ಬೇಕಾಗುತ್ತವಲ್ಲ, ಅದಕ್ಕೆ.

ಇದಕ್ಕೆ ಸಾಮಾನ್ಯವಾಗಿ ಹುಡುಗರು ತಯಾರಾಗುವ ರೀತಿ ಒಂದಿದೆ. ಪುಸ್ತಕ ತೆಗೆದು ಕಾಯಿಲೆಯ ಲಕ್ಷಣಗಳ ಪಟ್ಟಿಯನ್ನು ಬಾಯಿಪಾಠ ಮಾಡುತ್ತಾರೆ. ಕ್ರ್ಯಾಕಲ್ಸ್ (ಉಸಿರಿನ ಚಟಚಟ ಸದ್ದು) ಎಂದರೇನು, ವೀಜ್ (ಸಿಳ್ಳೆಯಂಥ ಸದ್ದು) ಎಂದರೇನು ಅಂತ ಗಡಗಡ ಹೇಳುತ್ತಾರೆ. ಆದರೆ ಆರೋಗ್ಯವಾಗಿರುವ ಶ್ವಾಸಕೋಶದ ಸದ್ದನ್ನು ನಾಲ್ಕು ಜನರಲ್ಲೂ ಕೇಳಿರುವುದಿಲ್ಲ. ನನ್ನ ಸಲಹೆ ಇದಕ್ಕೆ ಉಲ್ಟಾ. ಸೆಮಿಸ್ಟರ್ ನಡುವಿನ ರಜೆಯಲ್ಲಿ ಆರೋಗ್ಯವಾಗಿರುವ ಮೈಯನ್ನು ಕಲಿಯಿರಿ. ಮನೆಯಲ್ಲಿ ತಂಗಿ, ಅಪ್ಪ, ಅಜ್ಜಿ ಇದ್ದಾರೆ. ಹಾಸ್ಟೆಲ್‌ನಲ್ಲಿ ರೂಮ್‌ಮೇಟ್ ಇದ್ದಾಳೆ. ನಾರ್ಮಲ್ ಕೈಗೆ, ಕಿವಿಗೆ ಕೂತರೆ ಅಬ್‌ನಾರ್ಮಲ್ ತಾನಾಗಿಯೇ ಎದ್ದು ಕಾಣುತ್ತದೆ.

ಸಾಮಾನು: ಕಡಿಮೆ ಸಾಕು

ಒಂದು ಸ್ಟೆತ್, ಸೆಕೆಂಡ್ ಮುಳ್ಳಿರುವ ವಾಚು, ಪೆನ್ ಟಾರ್ಚ್, ಅಳತೆ ಟೇಪು. ಇಷ್ಟೇ. ದುಬಾರಿ ಸ್ಟೆತ್ ಬೇಕೇ ಬೇಕು ಅಂತ ಸೀನಿಯರ್‌ಗಳು ಹೇಳಿದರೆ ಸುಮ್ನೆ ತಲೆಯಾಡಿಸಿ. ಕಲಿಯುವ ಕಾಲಕ್ಕೆ ಡಯಾಫ್ರಂ (ಅಗಲವಾದ ಚಪ್ಪಟೆ ಮುಖ), ಬೆಲ್ (ಗಂಟೆಯಂಥ ಚಿಕ್ಕ ಮುಖ) ಎರಡೂ ಇರುವ, ಕಿವಿಗೆ ಸರಿಯಾಗಿ ಕೂರುವ ಸಾಧಾರಣ ಸ್ಟೆತ್ ಸಾಕು. ಇಯರ್‌ಪೀಸ್ ಮೂಗಿನ ಕಡೆಗೆ ವಾಲಿರಬೇಕು. ಹಿಂದುಮುಂದಾಗಿ ಹಾಕಿಕೊಂಡು ‘ಮ್ಯಾಡಂ, ಏನೂ ಕೇಳಿಸ್ತಿಲ್ಲ’ ಅನ್ನುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಡಯಾಫ್ರಂ ಅನ್ನು ಗಟ್ಟಿಯಾಗಿ ಒತ್ತಿ ಹಿಡಿಯಬೇಕು, ಅದು ತೀಕ್ಷ್ಣ ಸದ್ದಿಗೆ. ಬೆಲ್ ಅನ್ನು ಹಗುರವಾಗಿ ಇಡಬೇಕು, ಅದು ಮಂದ ಸದ್ದಿಗೆ. ಬೆಲ್ ಅನ್ನು ಒತ್ತಿದರೆ ಅದರ ಕೆಳಗಿನ ಚರ್ಮ ಬಿಗಿಯಾಗಿ ಅದೂ ಡಯಾಫ್ರಂ ಥರ ಆಗಿಬಿಡುತ್ತದೆ.

ಮೊಬೈಲ್‌ನಲ್ಲಿ ಸೆಕೆಂಡ್ ನೋಡಿಕೊಳ್ಳಬಹುದು ಅಂದುಕೊಳ್ಳಬೇಡಿ. ವಾರ್ಡ್‌ನಲ್ಲಿ ವಿದ್ಯಾರ್ಥಿ ಮೊಬೈಲ್ ತೆಗೆದರೆ ಏನಾಗುತ್ತದೆ ಅಂತ ನಿಮಗೇ ಗೊತ್ತು.

ಪದಗಳನ್ನು ಒಡೆದು ಕಲಿಯಿರಿ

ಕನ್ನಡ ಮಾಧ್ಯಮದಿಂದ ಬಂದವರಿಗೆ ಈ ವಿಷಯದಲ್ಲಿ ದೊಡ್ಡ ತಲೆನೋವು ಪದಗಳದ್ದೇ. ಡಿಸ್ಪ್ನಿಯಾ, ಆರ್ಥೊಪ್ನಿಯಾ, ಟ್ಯಾಕಿಪ್ನಿಯಾ, ಬ್ರಾಡಿಪ್ನಿಯಾ, ಎಪ್ನಿಯಾ. ಐದು ಪದ ಅಂತ ಕಲಿತರೆ ಐದೂ ಮರೆತುಹೋಗುತ್ತವೆ. ‘ಪ್ನಿಯಾ’ ಅಂದರೆ ಉಸಿರು. ‘ಟ್ಯಾಕಿ’ ಅಂದರೆ ವೇಗ, ‘ಬ್ರಾಡಿ’ ಅಂದರೆ ನಿಧಾನ, ‘ಡಿಸ್’ ಅಂದರೆ ಕಷ್ಟ, ‘ಎ’ ಅಂದರೆ ಇಲ್ಲ. ‘ಆರ್ಥೊ’ ಅಂದರೆ ನೆಟ್ಟಗೆ, ಅಂದರೆ ಮಲಗಿದರೆ ಉಸಿರು ಕಟ್ಟುತ್ತದೆ, ಎದ್ದು ಕೂತರೆ ಸರಿ. ಇದೇ ಟ್ಯಾಕಿ, ಬ್ರಾಡಿ ಹೃದಯದ ಪಾಠದಲ್ಲಿ ‘ಕಾರ್ಡಿಯಾ’ ಜೊತೆ ಮತ್ತೆ ಬರುತ್ತವೆ. ಒಂದು ನೋಟ್‌ಬುಕ್‌ನಲ್ಲಿ ಇಂಥ ತುಂಡುಗಳನ್ನು ಬರೆದಿಟ್ಟುಕೊಂಡರೆ ಇಡೀ ಕೋರ್ಸಿಗೆ ಬರುತ್ತದೆ.

ಮೈ ಮೇಲಿನ ಗುರುತು ಹುಡುಕಿ

ಅನಾಟಮಿ ಪುಸ್ತಕದ ಚಿತ್ರ ಬೇರೆ, ಎದುರಿಗೆ ಮಲಗಿರುವ ಮನುಷ್ಯ ಬೇರೆ. ಹೃದಯದ ಸದ್ದು ಕೇಳಲು ಪಕ್ಕೆಲುಬು ಎಣಿಸಲೇಬೇಕು. ಹೀಗೆ ಮಾಡಿ. ಗಂಟಲ ಕೆಳಗೆ, ಎರಡು ಕೊರಳೆಲುಬುಗಳ ನಡುವಿನ ಕುಳಿಗೆ ಬೆರಳಿಡಿ. ಅಲ್ಲಿಂದ ಎದೆಮೂಳೆಯ ಮೇಲೆ ಮೆಲ್ಲಗೆ ಕೆಳಗೆ ಜಾರಿಸಿ. ಸುಮಾರು 5 ಸೆಂಟಿಮೀಟರ್ ಇಳಿದಾಗ ಅಡ್ಡಕ್ಕೆ ಒಂದು ಸಣ್ಣ ಉಬ್ಬು ಸಿಗುತ್ತದೆ. ಅದೇ ಆ್ಯಂಗಲ್ ಆಫ್ ಲೂಯಿಸ್. ಅದರ ಪಕ್ಕದಲ್ಲಿರುವುದು 2ನೇ ಪಕ್ಕೆಲುಬು, ಅದರ ಕೆಳಗಿನದು 2ನೇ ಸಂದು (ಎರಡು ಪಕ್ಕೆಲುಬುಗಳ ನಡುವಿನ ಜಾಗ). ಈ ಒಂದು ಗುರುತು ಸಿಕ್ಕರೆ ಮಿಕ್ಕ ಲೆಕ್ಕವೆಲ್ಲ ಸಲೀಸು.

ಹೃದಯದ ಸದ್ದು ಕೇಳುವ ಜಾಗಗಳು ಇವು, ಹೆಚ್ಚಿನವಕ್ಕೆ ಹೃದಯದ ಕವಾಟಗಳದ್ದೇ ಹೆಸರು. 2ನೇ ಸಂದು ಬಲಕ್ಕೆ ಅಯೋರ್ಟಿಕ್, ಎಡಕ್ಕೆ ಪಲ್ಮೊನಿಕ್. 3ನೇ ಸಂದು ಎಡಕ್ಕೆ ಅರ್ಬ್ಸ್ ಪಾಯಿಂಟ್. 4ನೇ ಸಂದು ಎದೆಮೂಳೆಯ ಎಡ ಅಂಚಿಗೆ ಟ್ರೈಕಸ್ಪಿಡ್. 5ನೇ ಸಂದಿನಲ್ಲಿ, ಎಡ ಕೊರಳೆಲುಬಿನ ಮಧ್ಯದಿಂದ ನೇರ ಕೆಳಗೆ ಮೈಟ್ರಲ್. ಎಪಿಕಲ್ ಪಲ್ಸ್ (ಎದೆಯ ಮೇಲೇ ಸ್ಟೆತ್ ಇಟ್ಟು ಎಣಿಸುವ ಬಡಿತ) ನೋಡುವುದೂ ಇಲ್ಲೇ, ಅದೂ ಪೂರಾ ಒಂದು ನಿಮಿಷ. ಮೊದಲು ನಿಮ್ಮ ಎದೆಯ ಮೇಲೆ ಹುಡುಕಿ, ಆಮೇಲೆ ತೆಳ್ಳಗಿರುವವರಲ್ಲಿ, ಆಮೇಲೆ ದಪ್ಪಗಿರುವವರಲ್ಲಿ.

ಸಾಧ್ಯವಾದರೆ ಮೂವರ ಗುಂಪು ಮಾಡಿಕೊಳ್ಳಿ. ಒಬ್ಬಳು ಪೇಷೆಂಟ್, ಒಬ್ಬಳು ನರ್ಸ್, ಇನ್ನೊಬ್ಬಳು ಚೆಕ್‌ಲಿಸ್ಟ್ ಹಿಡಿದು ಬಿಟ್ಟುಹೋದದ್ದನ್ನು ಗುರುತು ಹಾಕುವವಳು. ಮೂರನೆಯವಳಿಗೇ ಜಾಸ್ತಿ ಕಲಿಕೆ ಆಗುತ್ತದೆ, ನೋಡಿ ಬೇಕಾದರೆ.

ತಟ್ಟುವುದು

ಪರ್ಕಶನ್ ಎಲ್ಲರಿಗೂ ಕಷ್ಟ. ಇದನ್ನು ಮೊದಲು ಬರೆದಿಟ್ಟವನು ಆಸ್ಟ್ರಿಯಾದ ವೈದ್ಯ ಆವೆನ್‌ಬ್ರುಗ್ಗರ್, 1761ರಲ್ಲಿ. ಅವನ ಅಪ್ಪ ಛತ್ರ ನಡೆಸುತ್ತಿದ್ದವನು. ವೈನ್ ಪೀಪಾಯಿ ಎಷ್ಟು ತುಂಬಿದೆ ಅಂತ ತಟ್ಟಿ ತಿಳಿಯುವುದನ್ನು ಅಲ್ಲೇ ನೋಡಿದ್ದ ಅಂತ ಹೇಳುತ್ತಾರೆ. ನಿಮ್ಮ ಮನೆಯಲ್ಲಿ ಅಕ್ಕಿ ಡಬ್ಬ ಇದೆಯಲ್ಲ, ಅದರಿಂದಲೇ ಶುರು ಮಾಡಿ. ಮೇಲಿನಿಂದ ತಟ್ಟುತ್ತಾ ಬಂದು ಅಕ್ಕಿ ಎಲ್ಲಿಯವರೆಗೆ ಇದೆ ಅಂತ ಹೇಳಿ, ಮುಚ್ಚಳ ತೆಗೆದು ನೋಡಿ.

ಎಡಗೈ ನಡುಬೆರಳನ್ನು ಮಾತ್ರ ಮೈಗೆ ಒತ್ತಿ ಇಡಿ. ಬೇರೆ ಬೆರಳು ತಾಗಿದರೆ ಸದ್ದು ಸತ್ತುಹೋಗುತ್ತದೆ. ಬಲಗೈ ನಡುಬೆರಳ ತುದಿಯಿಂದ ಆ ಬೆರಳಿನ ಕೊನೆಯ ಗಂಟಿಗೆ ಎರಡು ಸಲ ಹೊಡೆಯಿರಿ, ತಕ್ಷಣ ಬೆರಳೆತ್ತಿ. ತೋಳು ಅಲ್ಲಾಡಬಾರದು, ಮಣಿಕಟ್ಟು ಮಾತ್ರ. ಉಗುರು ಬೆಳೆಸಿದ್ದರೆ ಮೊದಲು ಕತ್ತರಿಸಿ. ಆಮೇಲೆ ಬಲ ಎದೆಯ ಮೇಲೆ ಒಂದೊಂದೇ ಸಂದು ಇಳಿಯುತ್ತಾ ತಟ್ಟಿ. ಸುಮಾರು 5 ಅಥವಾ 6ನೇ ಸಂದಿಗೆ ಬಂದಾಗ ಟೊಳ್ಳು ಸದ್ದು ಹೋಗಿ ಮಂದವಾಗುತ್ತದೆ. ಅಲ್ಲಿಂದ ಲಿವರ್. ಅದು ಮೊದಲ ಸಲ ಕಿವಿಗೆ ಸಿಕ್ಕ ದಿನ ಖುಷಿ ಆಗೇ ಆಗುತ್ತದೆ.

ಕ್ರಮದ ಬಗ್ಗೆ ಒಂದು ಮಾತು. ಎಲ್ಲ ಕಡೆಯೂ ನೋಡು, ಮುಟ್ಟು, ತಟ್ಟು, ಕೇಳು. ಹೊಟ್ಟೆಗೆ ಮಾತ್ರ ನೋಡು, ಕೇಳು, ತಟ್ಟು, ಮುಟ್ಟು. ಮೊದಲೇ ಒತ್ತಿದರೆ ಕರುಳಿನ ಸದ್ದು ಬದಲಾಗಬಹುದು. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಈ ಪ್ರಶ್ನೆ ಬಾರದಿದ್ದರೆ ಆಶ್ಚರ್ಯ. ಕರುಳಿನ ಸದ್ದು ನಿಮಿಷಕ್ಕೆ 5ರಿಂದ 30 ಇರಬಹುದು. ಸದ್ದೇ ಇಲ್ಲ ಅಂತ ಬರೆಯುವ ಮೊದಲು 5 ನಿಮಿಷ ಕೇಳಬೇಕು. ನೋವಿರುವ ಜಾಗವನ್ನು ಕೊನೆಗೆ ಮುಟ್ಟಿ. ಮುಟ್ಟುವಾಗ ಹೊಟ್ಟೆ ನೋಡಬೇಡಿ, ಮುಖ ನೋಡಿ. ನೋವು ಮೊದಲು ಅಲ್ಲೇ ಕಾಣುವುದು.

ಬಿಪಿ: ಇಲ್ಲಿ ಕಳ್ಳತನ ಸಿಕ್ಕಿಬೀಳುತ್ತದೆ

ರೋಗಿ 5 ನಿಮಿಷ ಸುಮ್ಮನೆ ಕೂತಿರಬೇಕು. ಬೆನ್ನಿಗೆ ಆಸರೆ, ಕಾಲು ನೆಲದ ಮೇಲೆ, ತೋಳು ಹೃದಯದ ಮಟ್ಟಕ್ಕೆ. ಕೈ ಕೆಳಗೆ ಜೋತುಬಿದ್ದಿದ್ದರೆ ಬಿಪಿ ಜಾಸ್ತಿ ತೋರಿಸುತ್ತದೆ. ದಪ್ಪ ತೋಳಿಗೆ ಚಿಕ್ಕ ಕಫ್ (ಗಾಳಿ ತುಂಬುವ ಪಟ್ಟಿ) ಕಟ್ಟಿದರೂ ಹಾಗೇ. ಮಣಿಕಟ್ಟಿನ ಪಲ್ಸ್ ಹಿಡಿದುಕೊಂಡು ಗಾಳಿ ತುಂಬಿ, ಪಲ್ಸ್ ಎಲ್ಲಿ ಮಾಯವಾಯಿತು ನೋಡಿಕೊಳ್ಳಿ. ಗಾಳಿ ಪೂರ್ತಿ ಬಿಟ್ಟು, ಒಂದು ನಿಮಿಷ ತಡೆದು, ಈಗ ಸ್ಟೆತ್ ಇಟ್ಟು ಅದಕ್ಕಿಂತ 30 ಮೇಲಕ್ಕೆ ಏರಿಸಿ, ಸೆಕೆಂಡಿಗೆ 2ರಿಂದ 3ರಂತೆ ಇಳಿಸಿ. ಮೊದಲ ಸದ್ದು ಸಿಸ್ಟೊಲಿಕ್ (ಮೇಲಿನ ನಂಬರ್), ಸದ್ದು ನಿಂತ ಜಾಗ ಡಯಾಸ್ಟೊಲಿಕ್ (ಕೆಳಗಿನ ನಂಬರ್).

ಹುಡುಗರು ಸದ್ದು ಕೇಳದಿದ್ದಾಗ ಅಂದಾಜಿಗೆ ಒಂದು ನಂಬರ್ ಬರೆದುಬಿಡುತ್ತಾರೆ. ಕೈಯಲ್ಲಿ ಒತ್ತುವ ಅಪರೇಟಸ್‌ನ ಗೆರೆಗಳು ಎರಡೆರಡರ ಲೆಕ್ಕದಲ್ಲಿ ಇರುತ್ತವೆ. ಅದರಲ್ಲಿ ನೋಡಿ 125/85 ಅಂತ ಯಾರಾದರೂ ಬರೆದರೆ ಟ್ಯೂಟರ್‌ಗೆ ಆಗಲೇ ಗೊತ್ತಾಗಿರುತ್ತದೆ. ಇಡೀ ವಾರ್ಡಿಗೆ 120/80 ಬರೆದರೂ ಅಷ್ಟೇ. ‘ಸರಿಯಾಗಿ ಕೇಳಿಸಲಿಲ್ಲ, ಇನ್ನೊಂದು ಸಲ ನೋಡ್ತೀನಿ’ ಅನ್ನುವುದಕ್ಕೆ ಯಾರೂ ಬೈಯುವುದಿಲ್ಲ.

ಉಸಿರು ಎಣಿಸುವಾಗ ಹೇಳಿ ಎಣಿಸಬೇಡಿ. ಹೇಳಿದ ತಕ್ಷಣ ಜನ ಉಸಿರಾಟವನ್ನೇ ಬದಲಿಸುತ್ತಾರೆ. ಪಲ್ಸ್ ನೋಡಿ ಮುಗಿದ ಮೇಲೂ ಬೆರಳನ್ನು ಮಣಿಕಟ್ಟಿನ ಮೇಲೇ ಇಟ್ಟುಕೊಂಡು, ಎದೆ ಏರುವುದನ್ನು ಪೂರಾ ಒಂದು ನಿಮಿಷ ಎಣಿಸಿ. ದೊಡ್ಡವರಲ್ಲಿ 12ರಿಂದ 20 ಇರಬೇಕು.

ಅರ್ಧ ಅಸೆಸ್‌ಮೆಂಟ್ ಮಾತಿನಲ್ಲೇ ಇದೆ

ರೋಗಿಯ ಹಿನ್ನೆಲೆ ಕೇಳಿ ಬರೆಯುವ ಹಿಸ್ಟರಿ ಫಾರ್ಮ್ ಇಂಗ್ಲಿಷ್‌ನಲ್ಲಿರುತ್ತದೆ. ಅದನ್ನು ಪದಕ್ಕೆ ಪದ ಕನ್ನಡ ಮಾಡಿ ಓದಿದರೆ ರೋಗಿ ಕಣ್ಣು ಕಣ್ಣು ಬಿಡುತ್ತಾರೆ. ‘ನಿಮ್ಮ ಆಹಾರ ಪದ್ಧತಿ ಹೇಗಿದೆ?’ ಅಂತ ಅಜ್ಜಿಯನ್ನು ಕೇಳಿದರೆ ‘ಚೆನ್ನಾಗಿದೆ ಕಣಮ್ಮ’ ಅನ್ನುತ್ತಾರೆ, ಅಲ್ಲಿಗೆ ಮುಗೀತು. ‘ಬೆಳಗ್ಗೆ ಏನ್ ತಿಂದ್ರಿ ಅಜ್ಜಿ? ರಾತ್ರಿ? ಮುದ್ದೆ ಪೂರ್ತಿ ಸೇರ್ತಾ, ಅರ್ಧ ಬಿಟ್ರಾ?’ ಅಂದರೆ ಊಟ, ಹಸಿವು, ನುಂಗುವ ತೊಂದರೆ, ಎಲ್ಲ ಒಂದೇ ಉತ್ತರದಲ್ಲಿ ಬರುತ್ತದೆ.

ರಜೆಯಲ್ಲೇ ನಿಮ್ಮದೇ ಮಾತಿನಲ್ಲಿ ಒಂದು ಪ್ರಶ್ನೆ ಪಟ್ಟಿ ಮಾಡಿಕೊಳ್ಳಿ. ನೋವಿಗೆ ಇವಿಷ್ಟು ಬೇಕು: ಯಾವಾಗಿಂದ, ಎಲ್ಲಿ, ಬೆರಳಿಟ್ಟು ತೋರಿಸಿ. ಚುಚ್ಚಿದ ಹಾಗಾ, ಹಿಂಡಿದ ಹಾಗಾ, ಉರಿಯಾ, ಸೆಳೆತವಾ? ಬೇರೆ ಕಡೆಗೂ ಹೋಗುತ್ತಾ? ಏನು ಮಾಡಿದರೆ ಜಾಸ್ತಿ, ಏನು ಮಾಡಿದರೆ ಕಡಿಮೆ? ಸೊನ್ನೆಯಿಂದ ಹತ್ತರ ಲೆಕ್ಕ ಅರ್ಥವಾಗದವರನ್ನು ‘ರಾತ್ರಿ ನಿದ್ದೆ ಬಂತಾ?’ ಅಂತ ಕೇಳಿ, ನೋವಿನ ಪ್ರಮಾಣ ತಿಳಿಯುತ್ತದೆ.

ಕೆಲವು ಪ್ರಶ್ನೆಗಳನ್ನು ಸುತ್ತುಬಳಸಿ ಕೇಳಬೇಕು. ‘ಬಿಪಿ ಇದೆಯಾ?’ ಅಂದರೆ ‘ಇಲ್ಲ’ ಅನ್ನುತ್ತಾರೆ. ಮಾತ್ರೆ ತಗೊಂಡು ಸರಿ ಹೋಗಿದೆ, ಹಾಗಾಗಿ ಅವರ ಲೆಕ್ಕದಲ್ಲಿ ಇಲ್ಲ. ‘ದಿನಾ ಯಾವುದಾದ್ರೂ ಮಾತ್ರೆ ನುಂಗ್ತೀರಾ? ಡಾಕ್ಟರ್ ಚೀಟಿ ಇದೆಯಾ?’ ಅಂತ ಕೇಳಿದರೆ ಚೀಲದಿಂದ ಒಂದು ಕವರ್ ಮಾತ್ರೆ ಹೊರಬರುತ್ತದೆ. ‘ತಂಬಾಕು ಸೇವಿಸ್ತೀರಾ?’ ಅನ್ನುವ ಬದಲು ಬೀಡಿ, ಸಿಗರೇಟು, ಎಲೆಅಡಿಕೆ, ಕಡ್ಡಿಪುಡಿ, ಗುಟ್ಕಾ ಅಂತ ಒಂದೊಂದನ್ನೇ ಹೆಸರಿಸಿ. ಬೀಡಿಯಾದರೆ ದಿನಕ್ಕೆ ಎಷ್ಟು ಕಟ್ಟು ಅಂತ ಕೇಳಿ. ‘ಒಳಜ್ವರ ಇದೆ’ ಅಂದರೆ ನಗಬೇಡಿ, ಥರ್ಮಾಮೀಟರ್‌ನಲ್ಲಿ ಇಲ್ಲ ಅಂತ ವಾದವೂ ಬೇಡ. ಅವರು ಹೇಳಿದ್ದನ್ನು ಹಾಗೇ ಬರೆಯಿರಿ, ಪಕ್ಕದಲ್ಲಿ ನೀವು ನೋಡಿದ ಟೆಂಪರೇಚರ್ ಬರೆಯಿರಿ.

ಮಲ, ಮೂತ್ರ, ಮುಟ್ಟಿನ ಪ್ರಶ್ನೆಗಳಿಗೆ ನಾಲಿಗೆ ತಡವರಿಸುತ್ತದೆ. ಮನೆಯಲ್ಲಿ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿ. ಹುಬ್ಬಳ್ಳಿ, ಕಲಬುರಗಿ ಕಡೆ ಪೋಸ್ಟಿಂಗ್ ಇದ್ದರೆ ‘ಬ್ಯಾನಿ’ (ನೋವು), ‘ತ್ರಾಸ’ (ತೊಂದರೆ), ‘ಸಂಡಾಸ’ (ಮಲವಿಸರ್ಜನೆ) ಬಳಸುವ ರೂಢಿ ಮಾಡಿಕೊಳ್ಳಿ. ಅಲ್ಲಿಯ ಕಾಕಾಗೆ ಮೈಸೂರು ಕಡೆಯ ಕನ್ನಡ ದೂರ ಅನಿಸುತ್ತದೆ. ನಿಮ್ಮ ಬ್ಯಾಚಿನಲ್ಲಿ ಕೇರಳದಿಂದ ಬಂದವರು ಇರುತ್ತಾರೆ. ಅವರಿಗೆ ಈ ಪ್ರಶ್ನೆ ಪಟ್ಟಿ ಕಲಿಸಿ, ಇಂಗ್ಲಿಷ್ ಗಟ್ಟಿಯಿರುವವರು ಸಿಕ್ಕರೆ ರೆಕಾರ್ಡ್ ಬರೆಯುವುದನ್ನು ಅವರಿಂದ ಕಲಿಯಿರಿ. ಇಬ್ಬರಿಗೂ ಲಾಭ.

ಪುಸ್ತಕದ ಚಿತ್ರಕ್ಕೂ ನಮ್ಮವರ ಮೈಗೂ ವ್ಯತ್ಯಾಸ

ಎಷ್ಟೋ ಪುಸ್ತಕಗಳ ಫೋಟೋಗಳಲ್ಲಿ ಇರುವುದು ಬಿಳಿ ಚರ್ಮ. ಅಲ್ಲಿ ಬಿಳಿಚಿಕೊಂಡಿದ್ದು, ನೀಲಿಯಾಗಿದ್ದು ದೂರದಿಂದಲೇ ಕಾಣುತ್ತದೆ. ಕಪ್ಪು, ಗೋಧಿ ಬಣ್ಣದ ಮೈಯಲ್ಲಿ ಹಾಗಲ್ಲ. ರಕ್ತ ಕಡಿಮೆ ಇದೆಯಾ ಅಂತ ನೋಡಲು ಕಣ್ಣಿನ ಕೆಳರೆಪ್ಪೆಯನ್ನು ಮೆಲ್ಲಗೆ ಕೆಳಗೆ ಎಳೆದು ಒಳಭಾಗ ನೋಡಿ, ಅಂಗೈ ನೋಡಿ. ಎಲೆಅಡಿಕೆ ಹಾಕುವವರ ನಾಲಿಗೆ, ತುಟಿ ನೋಡಿ ಏನೂ ಹೇಳಲಾಗದು.

ಕಾಮಾಲೆಗೂ ಇದೇ ಮಾತು. ಮುಖಕ್ಕೆ, ಕಾಲಿಗೆ ಅರಿಶಿನ ಹಚ್ಚಿಕೊಂಡ ಹೆಂಗಸಿನ ಚರ್ಮ ಹಳದಿಯಾಗಿದೆ ಅಂತ ಬರೆದುಕೊಂಡು ಬರಬೇಡಿ. ಕಣ್ಣಿನ ಬಿಳಿಭಾಗ ನೋಡಿ, ಅದೂ ಕಿಟಕಿಯ ಬೆಳಕಿನಲ್ಲಿ. ಆಕ್ಸಿಮೀಟರ್ ಹಾಕುವ ಮೊದಲು ಉಗುರಿಗೆ ನೇಲ್ ಪಾಲಿಶ್ ಇದೆಯಾ ನೋಡಿ, ಇದ್ದರೆ ಅಳಿಸಿ.

ಸ್ಟೆತ್ ಅನ್ನು ಬಟ್ಟೆಯ ಮೇಲೆ ಇಟ್ಟರೆ ಸೀರೆಯ ಸರಸರ ಸದ್ದು ಕ್ರ್ಯಾಕಲ್ಸ್ ಥರವೇ ಕೇಳಿಸುತ್ತದೆ. ತಾಳಿ ಸರ ತಾಗಿದರೆ ಟಕ್ ಅಂತ ಇನ್ನೊಂದು ಸದ್ದು. ಪರದೆ ಎಳೆಯಿರಿ, ‘ಅಮ್ಮ, ಸೆರಗು ಸ್ವಲ್ಪ ಸರಿಸ್ತೀನಿ, ಎದೆ ಸದ್ದು ಕೇಳಬೇಕು’ ಅಂತ ಹೇಳಿ, ಸರವನ್ನು ಅವರ ಕೈಯಲ್ಲೇ ಪಕ್ಕಕ್ಕೆ ಹಿಡಿಯಲು ಹೇಳಿ. ತಾಳಿ ತೆಗೆಯಿರಿ ಅನ್ನುವ ಅಗತ್ಯವೇ ಇಲ್ಲ. ಎಷ್ಟು ಜಾಗ ನೋಡಬೇಕೋ ಅಷ್ಟನ್ನೇ ತೆರೆದು, ನೋಡಿದ ಕೂಡಲೇ ಹೊದಿಸಿ. ಗಂಡು ವಿದ್ಯಾರ್ಥಿಗಳು ಹೆಣ್ಣು ರೋಗಿಯನ್ನು ನೋಡುವಾಗ ಜೊತೆಗೆ ಸಿಸ್ಟರ್ ಅಥವಾ ಹೆಣ್ಣು ಸಹಪಾಠಿ ಇರಲೇಬೇಕು.

ನರಗಳು

ಹನ್ನೆರಡು ಕ್ರೇನಿಯಲ್ ನರಗಳ (ಮಿದುಳಿನಿಂದ ನೇರ ಹೊರಡುವ ನರಗಳು) ಹೆಸರಿಗೆ ಸೂತ್ರ ಬಾಯಿಪಾಠ ಮಾಡುವುದು ಇದ್ದದ್ದೇ. ಅದರ ಬದಲು ಮನೆಯಲ್ಲಿ ಒಬ್ಬರನ್ನು ಕೂರಿಸಿ ವರಸೆಯಾಗಿ ಮಾಡಿ. ಕಣ್ಣು ಮುಚ್ಚಿಸಿ ಒಂದೊಂದು ಮೂಗಿನ ಹೊಳ್ಳೆಗೆ ಕಾಫಿಪುಡಿ ಹಿಡಿಯಿರಿ, 1 ಆಯಿತು. ಒಂದು ಕಣ್ಣು ಮುಚ್ಚಿ ಪೇಪರ್ ಓದಿಸಿ, 2. ಟಾರ್ಚ್ ಬಿಟ್ಟು ಪಾಪೆ ನೋಡಿ, ಬೆರಳನ್ನು ಎಲ್ಲ ದಿಕ್ಕಿಗೂ ಆಡಿಸಿ ಕಣ್ಣು ಹಿಂಬಾಲಿಸುತ್ತಾ ನೋಡಿ, 3, 4 ಮತ್ತು 6. ಹಲ್ಲು ಕಚ್ಚಿಸಿ ದವಡೆ ಮುಟ್ಟಿ, ಹತ್ತಿಯಿಂದ ಕೆನ್ನೆ ಸವರಿ, 5. ಹುಬ್ಬೇರಿಸಿ, ನಗಿಸಿ, ಕೆನ್ನೆ ಉಬ್ಬಿಸಿ, 7. ಕಿವಿಯ ಪಕ್ಕ ಪಿಸುಗುಟ್ಟಿ, 8. ‘ಆ’ ಅನ್ನಿಸಿ, ಗುಟುಕು ನೀರು ಕುಡಿಸಿ, 9 ಮತ್ತು 10. ಭುಜ ಎತ್ತಿಸಿ ನೀವು ಕೆಳಕ್ಕೆ ಒತ್ತಿ, 11. ನಾಲಿಗೆ ಹೊರಗೆ, 12. ಮನೆಯವರಿಗೂ ತಮಾಷೆ. ಪ್ರಜ್ಞೆ ಎಷ್ಟಿದೆ ಅಂತ ಅಳೆಯುವ ಗ್ಲಾಸ್ಗೊ ಕೋಮಾ ಸ್ಕೇಲ್‌ಗೆ ಕಣ್ಣು 4, ಮಾತು 5, ಚಲನೆ 6, ಒಟ್ಟು 15. ಕನಿಷ್ಠ 3. ಸೊನ್ನೆ ಅನ್ನುವುದು ಇಲ್ಲವೇ ಇಲ್ಲ.

ಮನೆಯವರ ಮೇಲೆ ಅಭ್ಯಾಸ ಮಾಡುವಾಗ ಒಂದು ಎಚ್ಚರ. ಕುತ್ತಿಗೆಯ ಎರಡೂ ಕಡೆಯ ಪಲ್ಸ್ ಅನ್ನು ಒಟ್ಟಿಗೆ ಒತ್ತಬಾರದು, ತಲೆ ಸುತ್ತಿ ಬೀಳಬಹುದು. ಮಾವನ ಬಿಪಿ ಎರಡು ಮೂರು ದಿನ ನೋಡಿದರೂ 140/90 ದಾಟುತ್ತಿದ್ದರೆ ಮಾತ್ರೆ ಹೆಸರು ಹೇಳಲು ಹೋಗಬೇಡಿ, ಡಾಕ್ಟರ್ ಹತ್ತಿರ ಕಳಿಸಿ. 180/120ರ ಮೇಲಿದ್ದು ಎದೆನೋವು, ಏದುಸಿರು, ಮಾತು ತೊದಲುವುದು ಏನಾದರೂ ಇದ್ದರೆ ಆಗಲೇ ಆಸ್ಪತ್ರೆಗೆ.

ಬರೆಯುವುದು ಮತ್ತು ಪ್ರಾಕ್ಟಿಕಲ್ಸ್

‘ನಾರ್ಮಲ್’ ಅಂತ ಬರೆಯುವುದನ್ನು ಬಿಡಿ. ನೋಡಿದ್ದನ್ನು ಬರೆಯಿರಿ: ಉಸಿರು ನಿಮಿಷಕ್ಕೆ 18, ಲಯ ಒಂದೇ ಸಮ, ಎದೆ ಎರಡೂ ಕಡೆ ಸಮನಾಗಿ ಏರುತ್ತದೆ. ರೋಗಿ ಹೇಳಿದ್ದು ಬೇರೆ, ನೀವು ಕಂಡದ್ದು ಬೇರೆ, ಎರಡನ್ನೂ ಬೆರೆಸಬೇಡಿ. ಮನೆಯಲ್ಲಿ ಯಾರನ್ನು ಪರೀಕ್ಷೆ ಮಾಡಿದರೂ ಅವತ್ತೇ ಅರ್ಧ ಪುಟ ಇಂಗ್ಲಿಷ್‌ನಲ್ಲಿ ಬರೆಯಿರಿ. ಲಾಗ್ ಬುಕ್ ಬಂದಾಗ ಕೈ ನಡುಗುವುದಿಲ್ಲ.

ಕ್ಲಾಸ್ ಶುರುವಾದ ಮೇಲೆ ಡೆಮಾನ್‌ಸ್ಟ್ರೇಶನ್ ತಪ್ಪಿಸಿಕೊಳ್ಳಬೇಡಿ. ಪರೀಕ್ಷೆಗೆ ಕೂರಲು ಥಿಯರಿ, ಪ್ರಾಕ್ಟಿಕಲ್ ಎರಡರಲ್ಲೂ 80% ಹಾಜರಾತಿ ಬೇಕು ಅನ್ನುವುದು ಒಂದು. ಸ್ಕಿಲ್ ಲ್ಯಾಬ್‌ನಲ್ಲಿ ಮ್ಯಾಡಂ ಕೈಯನ್ನು ಹತ್ತಿರದಿಂದ ನೋಡುವುದಕ್ಕೆ ವಿಡಿಯೋ ಸಾಟಿಯಲ್ಲ ಅನ್ನುವುದು ಇನ್ನೊಂದು.

ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಮಾರ್ಕ್ಸ್ ಜಾಸ್ತಿ ಹೋಗುವುದು ಸುಲಭದ ಕಡೆ. ಕೈ ತೊಳೆಯದೆ ಶುರು ಮಾಡುವುದು, ರೋಗಿಯ ಹೆಸರು ಕೇಳದಿರುವುದು, ಏನು ಮಾಡುತ್ತೇನೆ ಅಂತ ಹೇಳದಿರುವುದು, ಪರದೆ ಎಳೆಯದಿರುವುದು. ರೋಗಿಯ ಬಲಗಡೆ ನಿಂತುಕೊಳ್ಳಿ. ತಣ್ಣನೆಯ ಸ್ಟೆತ್ ಅನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿ. ಮಾಡುತ್ತಾ ಮಾಡುತ್ತಾ ಬಾಯಲ್ಲಿ ಹೇಳುತ್ತಾ ಹೋಗಿ, ನೀವು ಏನು ನೋಡುತ್ತಿದ್ದೀರಿ ಅಂತ ಎಕ್ಸಾಮಿನರ್‌ಗೆ ಬೇರೆ ಹೇಗೆ ತಿಳಿಯಬೇಕು? ಒಂದು ಹಂತ ಮರೆತರೆ ‘ಮ್ಯಾಡಂ, ಇದು ಬಿಟ್ಟುಹೋಯಿತು, ಈಗ ನೋಡ್ತೀನಿ’ ಅಂತ ಹೇಳಿ ಮಾಡಿ. ಗಾಬರಿಯಾಗಿ ಮೊದಲಿನಿಂದ ಶುರು ಮಾಡುವವರಿಗೆ ಸಮಯ ಸಾಲುವುದಿಲ್ಲ.

ಹಿಂದಿನ ರಾತ್ರಿ ಟಾರ್ಚ್‌ನ ಸೆಲ್ ನೋಡಿಕೊಳ್ಳಿ, ಉಗುರು ಕತ್ತರಿಸಿ. ಸ್ಟೆತ್‌ಗೆ ಹೆಸರಿನ ಚೀಟಿ ಅಂಟಿಸಿ, ಪರೀಕ್ಷೆಯ ದಿನ ಎಲ್ಲರ ಸ್ಟೆತ್ತೂ ಒಂದೇ ಟೇಬಲ್ ಮೇಲೆ ಬಿದ್ದಿರುತ್ತವೆ.